ತೊಗಟೆಯೊಳಗಿನ ಮರ

ಭೂರ್ಜಪತ್ರವೆಂದರೆ ನಮ್ಮ ಪಂಡಿತಮಂಡಲಿಗೆ ಬಹಳ ಆದರ. ಕಾಳಿದಾಸನ ವಿದ್ಯಾಧರ ಸುಂದರಿಯರು ಪ್ರೇಮದೋಲೆ ಬರೆದದ್ದು ಅದರ ಮೇಲೆ. 1881ರಲ್ಲಿ ಪೇಶಾವರದ ಬಳಿಯ ಬಕ್ಷಾಲಿಯಲ್ಲಿ ನೆಲದಡಿ ಸಿಕ್ಕ ಗಣಿತದ ಹಸ್ತಪ್ರತಿಯೂ ಅದರದೇ. ಓಲೆಗರಿಯ ನಾಡಿನವನಾದ ನಾನೂ ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಅದನ್ನು ಹೊಗಳುತ್ತ ಬಂದವನು. ಆದರೆ ಪತ್ರವೆಂಬ ಆ ಪದಾರ್ಥ ಎಲೆಯಲ್ಲ, ತೊಗಟೆ. ತೊಗಟೆಯೆಂದ ಮೇಲೆ ಒಳಗೊಂದು ಮರವಿರಲೇಬೇಕಷ್ಟೆ! ಅದರ ಯೋಗಕ್ಷೇಮವನ್ನು ನಾವು ಪಂಡಿತರು ವಿಚಾರಿಸುವುದು ಕಡಮೆ.

ವಿಚಾರಿಸಿದವರು ನಮ್ಮ ಬೀದಿಯ ಆಚಾರ್ರು. ಫಿನ್ಲೆಂಡಿನಲ್ಲಿರುವ ನನ್ನ ಸೋದರಳಿಯ ಒಂದು ಕಾಲುಮಣೆ ತಂದುಕೊಟ್ಟಿದ್ದ. ಆ ಸೀಮೆಯ 'ಬರ್ಚ್' ಮರದ್ದು. ನಮ್ಮ ಹಿಮಾಲಯದ ಭೂರ್ಜಕ್ಕೆ ದಾಯಾದಿ. ಅದನ್ನು ಬಚ್ಚಲುಮನೆಯಲ್ಲಿಡಬೇಕೆಂದು ನನ್ನಾಕೆಯ ಆಸೆ. ಒಂದು ಕಾಲು ಅಲುಗುತ್ತಿದ್ದುದರಿಂದ ಮೊದಲು ಆಚಾರ್ರ ಬಳಿ ಒಯ್ದೆ.

ಅವರು ಮಣೆಯನ್ನು ಬೋರಲು ಹಾಕಿ, ಅಡಿಗೆ ಒಮ್ಮೆ ಹತ್ತರಿ ಎಳೆದರು. ಕೆನೆಯಂಥ ಬಿಳುಪು. ಮೂಸಿದರು, ವಾಸನೆಯಿಲ್ಲ. ಕೈಯಲ್ಲಿ ತೂಗಿದರು, ಹೆಚ್ಚುಕಡಮೆ ತೇಗದಷ್ಟೇ ಭಾರ. ಕೊಯ್ದ ತುದಿಯನ್ನು ಒದ್ದೆ ಮಾಡಿ ಬೆಳಕಿಗೆ ಹಿಡಿದರು. ತೇಗದಲ್ಲಿ ಸಾಲುಗಟ್ಟಿ ಕಾಣುವ ರಂಧ್ರಗಳು ಇದರಲ್ಲಿ ಬಲು ಸಣ್ಣವು, ಎಲ್ಲೆಡೆ ಸಮವಾಗಿ ಚೆದರಿದ್ದವು. ಅಲ್ಲಲ್ಲಿ ಕಂದು ಗೀರುಗಳು. ಮರ ಬದುಕಿದ್ದಾಗ ತೊಗಟೆಯಡಿ ಮರಿಹುಳು ಹರಿದ ಗುರುತು.

"ಚೇಗಿಗೂ ಹೊರಮೈಗೂ ಭೇದವೇ ಇಲ್ಲವಲ್ಲ, ಮೇಷ್ಟ್ರೇ! ಚನ್ನಪಟ್ಟಣದ ಬೊಂಬೆ ಮಾಡೋ ಆಲೆಮರದ ಗುಣ. ಕಡೆಯೋದಕ್ಕೆ ಬಂಗಾರ, ನೀರಲ್ಲಿಟ್ಟರೆ ಮಣ್ಣು" ಎಂದರು.

ದಿಟವಾದ ಮಾತು. ಒಣನೆರಳಿನಲ್ಲಿ ಭೂರ್ಜ ಗಟ್ಟಿಗ. ಅದನ್ನು ತೆಳುಹಾಳೆಯಾಗಿ ಸುಲಿದು, ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಅಡ್ಡವಿಟ್ಟು ಅಂಟಿಸಿದರೆ ಉತ್ತಮವಾದ ಪ್ಲೈವುಡ್. ಹೋವರ್ಡ್ ಹ್ಯೂಸ್ 1947ರ ನವೆಂಬರ್ 2ರಂದು ಹಾರಿಸಿದ, ರೆಕ್ಕೆಯ ಹರವು 320 ಅಡಿಯಿದ್ದ ವಿಮಾನದ ಮೈ ಬಹುಪಾಲು ಇದೇ ಮರ. ಆದರೆ ಹಸಿನೆಲ ಸೋಕಿತೋ, ಬೇಗ ಲಡ್ಡಾಗುತ್ತದೆ. ಕಾಡಿನಲ್ಲಿ ಬಿದ್ದ ಭೂರ್ಜದ ತಿರುಳು ಪುಡಿಯಾದ ಮೇಲೂ ತೊಗಟೆ ಮಾತ್ರ ಕೊಳವೆಯಂತೆ ಉಳಿದಿರುತ್ತದೆ. ಊರವರ ಮಾತನ್ನೆಲ್ಲ ಶತಮಾನಗಟ್ಟಲೆ ಕಾಯುವ ಮರಕ್ಕೆ ತನ್ನ ಮೈ ಕಾಯುವ ಶಕ್ತಿಯಿಲ್ಲ!

ಕಾಯಬೇಕಾದವರು ನಾವು. ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ ದಾರಿಯಲ್ಲಿ, 12,000 ಅಡಿಗೂ ಮೇಲೆ, ಭೋಜಬಾಸಾ ಎಂಬ ತಾಣವಿದೆ. ಭೂರ್ಜಗಳ ಬೀಡೆಂದು ಅರ್ಥ. ಅಲ್ಲಿಯ ಮರಗಳು ಯಾತ್ರಿಕರ ಒಲೆಗೆ ಸೌದೆಯಾಗಿ ಹೋದವು. ಹೆಸರು ನಿಂತಿದೆ, ಬೀಡು ಬಯಲಾಗಿದೆ.

ಮಣೆ ಬಚ್ಚಲಿಗೆ ಹೋಗಲಿಲ್ಲ. ನನ್ನ ಓದುವ ಕೋಣೆಯಲ್ಲಿ ನಿಘಂಟು ಹೊತ್ತಿದೆ. ತರಗತಿಯಲ್ಲಿ ಪತ್ರದ ಮಾತು ಬಂದಾಗ ಈಗ ಮರದ ಮಾತನ್ನೂ ಸೇರಿಸುತ್ತೇನೆ. ಪರೀಕ್ಷೆಗೆ ಬಾರದ ವಿಷಯವೆಂದು ತಿಳಿದೂ ಒಬ್ಬಿಬ್ಬರು ಬರೆದುಕೊಳ್ಳುತ್ತಾರೆ.