ಹಳದಿ ಬೋರ್ಡು, ಬಿಳಿ ಬೋರ್ಡು

ನಮ್ಮ ಕಾಲೊನಿಯ ಹೆಸರು ಹೇಳಿದರೆ ಬೆಂಗಳೂರಿನ ಟ್ಯಾಕ್ಸಿಯವರಿಗೆ ಕಿವಿ ಕೇಳಿಸುವುದಿಲ್ಲ. ಮಾರ್ಕೆಟ್ಟಿಗೆ ಬರುತ್ತಾರೆ, ಮೆಜೆಸ್ಟಿಕ್ಕಿಗೆ ಬರುತ್ತಾರೆ, ದುಡ್ಡಿದ್ದವರಿಗೆ ದೇವನಹಳ್ಳಿ ಏರ್‌ಪೋರ್ಟಿಗೂ ಬರುತ್ತಾರೆ. ಕಾಲೊನಿ ಅಂದಕೂಡಲೆ ಒಬ್ಬನಿಗೆ ಗ್ಯಾಸು ಖಾಲಿ, ಇನ್ನೊಬ್ಬನಿಗೆ ಊಟದ ಹೊತ್ತು, ಮತ್ತೊಬ್ಬನಿಗೆ ಗಾಡಿ ತಿರುಗಿಸೋಕೆ ಜಾಗ ಇಲ್ಲ. ಊರಲ್ಲಿದ್ದಾಗ ನಮ್ಮನ್ನು ‘ಯಾವ ಕೇರಿಯೋರ್ಲಾ?’ ಎಂದು ಕೇಳುತ್ತಿದ್ದರು. ಇಲ್ಲಿ ‘ಲೊಕೇಶನ್ ಕಳ್ಸಿ ಸಾರ್’ ಅಂತಾರೆ. ಕಳಿಸುತ್ತೇವೆ. ಆಮೇಲೆ ಫೋನು ಎತ್ತುವುದಿಲ್ಲ.

ಹಗಲು ಹೊತ್ತಾದರೆ ಬೈದುಕೊಂಡು ಬಸ್ಸು ಹತ್ತುತ್ತೇವೆ. ಆದರೆ ಕಳೆದ ಮಳೆಗಾಲದ ಆ ರಾತ್ರಿ ಬಸ್ಸಿರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ತಂಗಿಗೆ ಒಂದೂವರೆಗೆ ನೋವು ಶುರುವಾಯಿತು. ಆಂಬುಲೆನ್ಸಿಗೆ ಹೇಳಿದೆವು, ಬರಲು ಮುಕ್ಕಾಲು ಗಂಟೆ ಎಂದರು. ಮೊಬೈಲಿನಲ್ಲಿ ಟ್ಯಾಕ್ಸಿ ಕರೆದೆವು. ಮೊದಲನೆಯವನು ಎಲ್ಲಿಗೆ ಎಂದು ಕೇಳಿ ಕಟ್ ಮಾಡಿದ. ಎರಡನೆಯವನು ಕೇಳಲೂ ಇಲ್ಲ. ಮೂರನೆಯವನು ಬಂದ, ಬಂದು ಮೇನ್ ರೋಡಿನಲ್ಲೇ ನಿಂತ.

‘ಒಳಕ್ ಬರಲ್ಲ ಸಾರ್, ಇಲ್ಲಿಗೇ ಕರ್ಕೊಂಡ್ಬನ್ನಿ.’

‘ನೋವು ತಿಂತಾವ್ಳೆ ಕಣಣ್ಣ, ನಡೆಯೋಕಾಗಲ್ಲ. ಒಂದೇ ಫರ್ಲಾಂಗು.’

‘ಹೆರಿಗೆ ಕೇಸಾ? ಸೀಟು ಗಲೀಜಾಗುತ್ತೆ, ಬ್ಯಾಡ ಬಿಡಿ.’

ಗಾಜು ಏರಿಸಿಕೊಂಡು ಹೋದ. ಅವನ ಕನ್ನಡಿಯ ಪಕ್ಕ ಬಾಬಾಸಾಹೇಬರ ಪುಟ್ಟ ಫೋಟೊ ತೂಗುತ್ತಿತ್ತು. ಅದನ್ನು ನೋಡಿದ ಮೇಲೆ ನಮಗೆ ಬಯ್ಯಲೂ ಬಾಯಿ ಬರಲಿಲ್ಲ. ನಮ್ಮವನೇ. ಗಾಡಿಯ ಸಾಲದ ಕಂತು, ಕಂಪನಿಯ ಕಮಿಷನ್ನು, ಸೀಟು ತೊಳೆಸುವ ಖರ್ಚು, ಎಲ್ಲ ಅವನ ತಲೆಯ ಮೇಲೇ. ಒಂದು ಕೇರಿಯಿಂದ ಹೇಗೋ ಆಚೆ ಬಂದವನಿಗೆ ಇನ್ನೊಂದು ಕೇರಿಯ ಬಾಯಿಗೆ ಚಕ್ರ ತಿರುಗಿಸಲು ಕೈ ಬಾರದು. ಇದು ಗೊತ್ತಿದ್ದೂ ಆ ರಾತ್ರಿ ನಾವು ಅವನನ್ನು ಕ್ಷಮಿಸಲಿಲ್ಲ. ಈಗಲೂ ಕ್ಷಮಿಸಿಲ್ಲ.

ಆಮೇಲೆ ಹೋಗಿ ಬಡಿದದ್ದು ವ್ಯಾನಣ್ಣನ ಬಾಗಿಲು. ಅವನಿಗೆ ಬೇರೆ ಹೆಸರಿದೆ, ಕಾಲೊನಿಗೆ ಮರೆತುಹೋಗಿದೆ. ಮೂರಕ್ಕೆದ್ದು ಕಲಾಸಿಪಾಳ್ಯದಿಂದ ತರಕಾರಿ ತರುವ ಹಳೇ ಓಮ್ನಿ ಅವನದು. ಹಿಂದಿನ ಸೀಟು ಕಿತ್ತು ಎಷ್ಟೋ ವರ್ಷವಾಯಿತು. ಬನೀನಿನಲ್ಲೇ ಎದ್ದು ಬಂದ. ಟೊಮೊಟೊ ಕ್ರೇಟುಗಳನ್ನು ರಸ್ತೆಗೆ ಇಳಿಸಿದ, ಗೋಣಿಚೀಲ ಹಾಸಿ ಮೇಲೆ ತನ್ನ ಮನೆಯ ಹಾಸಿಗೆ ಎಳೆದು ಹಾಕಿದ. ಬಾಡಿಗೆಯ ಮಾತೆತ್ತಿದರೆ ಸಿಟ್ಟಾದ: ‘ಕಾಸಿನ್ ಮಾತು ನಾಳಿಕ್ ಆಡುವ, ಮೊದ್ಲು ಅವ್ವಯ್ಯನ್ನ ಕೂರ್ಸ್ರೋ.’

ನಮ್ಮ ಕಾಲೊನಿಯಲ್ಲಿ ಹುಟ್ಟಿದವರು, ಸತ್ತವರು, ಲಾಠಿ ತಿಂದವರು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಡವಾದವರು ಎಲ್ಲ ಆ ವ್ಯಾನಿನಲ್ಲೇ ಹೋದವರು. ಕೊತ್ತಂಬರಿ ವಾಸನೆ, ಒಮ್ಮೊಮ್ಮೆ ಮೀನಿನ ವಾಸನೆ. ಅಷ್ಟು ಹೇಳಿ ಅವನನ್ನು ದೇವರು ಮಾಡಿಬಿಟ್ಟರೆ ಸುಳ್ಳಾಗುತ್ತದೆ. ಮಾಗಡಿ ರೋಡಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಟಯರು ನುಣ್ಣಗೆ ಸವೆದಿತ್ತು, ಮಳೆ ಬೇರೆ. ನಿಂತಿದ್ದ ಲಾರಿಯ ಹಿಂಬದಿಗೆ ಇನ್ನೇನು ಮುಟ್ಟಬೇಕು, ಮೊಳದಷ್ಟು ದೂರದಲ್ಲಿ ನಿಂತಿತು. ಅವ್ವ ಕಿರುಚಲಿಲ್ಲ, ತಂಗಿಯ ಹೊಟ್ಟೆಯ ಮೇಲೆ ಅಡ್ಡ ಬಿದ್ದಳು.

ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ನಮಗೆ ನೆನಪಾದದ್ದು ಚಾಳೀಸ್‌ಗಾಂವ್. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿಟ್ಟ 1929ರ ಕತೆ. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುವ ಸರ್ಕಾರಿ ಕಮಿಟಿಯ ಸದಸ್ಯರಾಗಿ ಹೋಗಿದ್ದವರು, ಬ್ಯಾರಿಸ್ಟರು. ಮಹಾರವಾಡದ ಜನ ಅವರನ್ನು ಸ್ಟೇಷನ್ನಿನಿಂದ ತಮ್ಮಲ್ಲಿಗೆ ಕರೆದೊಯ್ಯಬೇಕು. ಟಾಂಗಾದವರು ಒಬ್ಬರೂ ಬರಲಿಲ್ಲ. ಕೊನೆಗೆ ರಾಜಿಯಾಯಿತು: ಟಾಂಗಾ ಬಾಡಿಗೆಗೆ ಕೊಡುತ್ತೇವೆ, ಹೊಡೆಯುವುದಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋದರೆ ಮರ್ಯಾದೆಯಲ್ಲ ಎಂದು ಕೇರಿಯವನೇ ಒಬ್ಬ ಲಗಾಮು ಹಿಡಿದ. ಹೊಡೆದು ಗೊತ್ತಿಲ್ಲದವನು. ಹೊರಟ ಸ್ವಲ್ಪ ಹೊತ್ತಿಗೇ ಒಂದು ಮೋಟಾರು ಕಾರಿಗೆ ಗುದ್ದುವುದರಲ್ಲಿತ್ತು. ನದಿಯ ಮೋರಿಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿತು, ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿಯಿತು. ಕುದುರೆ, ಗಾಡಿ ನದಿಗೆ ಬಿದ್ದವು.

ಹುಡುಗರಾಗಿ ಇದನ್ನು ಓದಿದಾಗ ನಮಗೆ ಆ ಟಾಂಗಾದವನ ಮೇಲೆ ಮಾತ್ರ ಸಿಟ್ಟು ಬಂದಿತ್ತು. ಆ ರಾತ್ರಿಯಾದ ಮೇಲೆ ಲಗಾಮು ಹಿಡಿದವನೂ ಕಣ್ಣ ಮುಂದೆ ಬರುತ್ತಾನೆ. ಆ ಟಾಂಗಾದಲ್ಲಿ ಯಾಕೆ ಹತ್ತಿಸಿದೆವೋ ಎಂದು ಅವನ ಜನ ಎಷ್ಟು ಅತ್ತರೋ. ಮರ್ಯಾದೆ ನಮ್ಮ ಗಾಡಿಯಲ್ಲಿದೆ, ಬ್ರೇಕು ಅವರ ಗಾಡಿಯಲ್ಲಿದೆ.

ಇನ್ನು ಕಾನೂನಿನ ಮಾತು. ವ್ಯಾನಣ್ಣನದು ಬಿಳಿ ಬೋರ್ಡು. ಬಾಡಿಗೆ ಹೊಡೆಯಬೇಕಾದರೆ ಹಳದಿ ಬೋರ್ಡು ಬೇಕು, ಪರ್ಮಿಟ್ಟು ಬೇಕು. 1988ರ ಮೋಟಾರು ವಾಹನ ಕಾಯ್ದೆಯನ್ನು 2019ರಲ್ಲಿ ತಿದ್ದಿದರು. ಅದರ 178ನೇ ಕಲಮಿನಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಯವನು ಬರಲ್ಲ ಎಂದರೆ ದಂಡ 500 ರೂಪಾಯಿಯವರೆಗೆ, ಆಟೋದವನಿಗೆ ಬರೀ 50. ಪರ್ಮಿಟ್ಟಿಲ್ಲದೆ ಕರೆದೊಯ್ದವನಿಗೆ 192-ಎ ಪ್ರಕಾರ 10,000, ಮೇಲೆ ಆರು ತಿಂಗಳವರೆಗೆ ಜೈಲು. ಬರಲ್ಲ ಅಂದವನಿಗೆ ದಂಡ ಬಿದ್ದದ್ದನ್ನು ನಾವಂತೂ ನೋಡಿಲ್ಲ. ವ್ಯಾನಣ್ಣನನ್ನು ಎರಡು ಸಲ ಹಿಡಿದದ್ದು ನೋಡಿದ್ದೇವೆ.

1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ಅಮೆರಿಕದ ಕಪ್ಪುಜನರಿಂದ ತಂದುಕೊಂಡರು. ಅಲ್ಲಿಂದ ತರಬೇಕಾದ ಇನ್ನೊಂದು ಕತೆಯಿದೆ. ನ್ಯೂಯಾರ್ಕಿನಲ್ಲೂ ಲೈಸೆನ್ಸಿನ ಟ್ಯಾಕ್ಸಿಗೆ ಹಳದಿಯೇ ಬಣ್ಣ. 1937ರ ಕಾನೂನಿನಿಂದ ಅವುಗಳ ಸಂಖ್ಯೆಗೆ ಕಟ್ಟು ಬಿತ್ತು. ಹಳದಿಯವರು ಮ್ಯಾನ್‌ಹಟನ್ನಿನ ದುಡ್ಡಿನ ಬೀದಿ ಬಿಟ್ಟು ಹಾರ್ಲೆಮ್ಮಿಗೆ, ಬ್ರೂಕ್ಲಿನ್ನಿಗೆ ಬರಲೊಲ್ಲರು. ಕಪ್ಪುಜನ ತಮ್ಮ ತಮ್ಮ ಕಾರುಗಳನ್ನೇ ಬೀದಿಗಿಳಿಸಿದರು. ಬ್ರೂಕ್ಲಿನ್ನಿನ ‘ಬ್ಲ್ಯಾಕ್ ಪರ್ಲ್’ ಎಂಬ ಕೇರಿ ಕಾರಿನವರು ‘ನಾವು ಹಳದಿಗಳಲ್ಲ, ಎಲ್ಲಿಗಾದರೂ ಬರುತ್ತೇವೆ’ ಎಂದು ಸಾರಿದರಂತೆ. ಅಲ್ಲಿಯ ಮಾತಿನಲ್ಲಿ ಹಳದಿ ಅಂದರೆ ಪುಕ್ಕಲ ಎಂದೂ ಅರ್ಥ. 1999ರಲ್ಲಿ ಡ್ಯಾನಿ ಗ್ಲೋವರ್ ಎಂಬ ದೊಡ್ಡ ಸಿನಿಮಾ ನಟನೇ ಹಳದಿ ಟ್ಯಾಕ್ಸಿಗಳು ತನಗೆ ನಿಲ್ಲುತ್ತಿಲ್ಲ ಎಂದು ದೂರು ಕೊಟ್ಟ. 2013ರಲ್ಲಿ ಆ ಬಡಾವಣೆಗಳಿಗೆಂದೇ ಹಸಿರು ಟ್ಯಾಕ್ಸಿ ಬಂತು. ಕೇರಿ ಗಾಡಿಯವರು ಮೊದಲು, ಸರ್ಕಾರ ಆಮೇಲೆ.

ತಂಗಿಗೆ ಹೆಣ್ಣುಮಗು. ವ್ಯಾನಣ್ಣ ಬೆಳಗ್ಗೆ ಬಂದು ನೋಡಿ, ಹಾಸಿಗೆಯನ್ನು ನಲ್ಲಿಯ ಹತ್ತಿರ ತಾನೇ ಒಗೆದುಕೊಂಡ. ಒಗೆಯುತ್ತೇವೆ ಎಂದರೆ ಕೊಡಲಿಲ್ಲ. ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಅದಕ್ಕೇ ಅಂಬೇಡ್ಕರ್ ಸಂಘದ ಹುಂಡಿ ಒಡೆದು, ಮನೆಮನೆ ತಿರುಗಿ ಟಯರಿಗೆ ಕಾಸು ಕೂಡಿಸಿದೆವು. ಮುಂದಿನವು ಎರಡು ಹಾಕಿಸಿದ್ದಾಯಿತು, ಬ್ರೇಕೂ ಮಾಡಿಸಿದ್ದಾಯಿತು. ಹಿಂದಿನ ಎರಡಕ್ಕೆ ಇನ್ನೂ ಹೊಂದಿಲ್ಲ. ಹಳದಿ ಬೋರ್ಡಿಗೆ ಎಷ್ಟಾಗುತ್ತದೆಂದು ಕೇಳಿಕೊಂಡು ಬರಲು ಸೋಮವಾರ ಆರ್‌ಟಿಓ ಆಫೀಸಿಗೆ ಹೋಗುತ್ತಿದ್ದೇವೆ. ಬಸ್ಸಿನಲ್ಲಿ.