ಅಣ್ಣನಿಗಾಗಿ ಕಟ್ಟಿಟ್ಟ ಪೇಪರುಗಳು

ನ್ಯೂಯಾರ್ಕಿನ ಹೋಮರ್ ಕಾಲಿಯರ್‌ಗೆ 1933ರಲ್ಲಿ ಕಣ್ಣು ಹೋಯಿತು. ತಮ್ಮ ಲ್ಯಾಂಗ್ಲಿ ಡಾಕ್ಟರನ್ನು ಕರೆಸಲಿಲ್ಲ. ವಾರಕ್ಕೆ ನೂರು ಕಿತ್ತಳೆ ತಿನ್ನಿಸಿ, ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ದೃಷ್ಟಿ ಮರಳುತ್ತದೆ ಎಂದು ನಂಬಿದ. ಮರಳಿದ ದಿನ ಅಣ್ಣ ಓದಬೇಕಲ್ಲ, ಇಷ್ಟು ವರ್ಷ ಊರಿನಲ್ಲಿ ಏನೇನಾಯಿತೆಂದು ಅವನಿಗೂ ತಿಳಿಯಬೇಕಲ್ಲ! ಅದಕ್ಕೆಂದೇ ದಿನಪತ್ರಿಕೆಗಳನ್ನು ಎತ್ತಿಡುತ್ತ ಹೋದ. ಕಟ್ಟುಗಳು ಸೂರು ಮುಟ್ಟಿದವು, ನಡುವೆ ತೆವಳಿಕೊಂಡು ಹೋಗುವಷ್ಟು ಜಾಗ ಉಳಿಯಿತು.

ಹಾರ್ಲೆಮ್‌ನಲ್ಲಿ, ಫಿಫ್ತ್ ಅವೆನ್ಯೂ 128ನೇ ಬೀದಿಯನ್ನು ಕೂಡುವ ಮೂಲೆಯಲ್ಲಿ ಅವರ ಮನೆಯಿತ್ತು. ಅಪ್ಪ ವೈದ್ಯ. ಹೋಮರ್ ವಕೀಲಿ ಓದಿದವನು, ಲ್ಯಾಂಗ್ಲಿ ಚೆನ್ನಾಗಿ ಪಿಯಾನೊ ನುಡಿಸುತ್ತಿದ್ದ. ನೀರು, ಗ್ಯಾಸು, ವಿದ್ಯುತ್ತು ಎಲ್ಲ ನಿಂತುಹೋದ ಮೇಲೂ ಅಲ್ಲೇ ಇದ್ದರು. ಲ್ಯಾಂಗ್ಲಿ ರಾತ್ರಿ ಹೊತ್ತು ಪಾರ್ಕಿನಿಂದ ನೀರು ಹೊತ್ತು ತರುತ್ತಿದ್ದ. ಕಳ್ಳರು ಬಂದಾರೆಂಬ ಹೆದರಿಕೆಗೆ ರಾಶಿಗಳ ನಡುವೆ ತಾನೇ ಬಲೆಗಳನ್ನು ಹೂಡಿದ್ದ. 1947ರ ಮಾರ್ಚ್ 21ರಂದು ಪೊಲೀಸರು ಮೇಲಂತಸ್ತಿನ ಕಿಟಕಿಯಿಂದ ಒಳಗಿಳಿದಾಗ ಸಿಕ್ಕಿದ್ದು ಹೋಮರನ ಶವ ಮಾತ್ರ. ಲ್ಯಾಂಗ್ಲಿ ಓಡಿಹೋಗಿದ್ದಾನೆಂದು ಊರೂರು ಹುಡುಕಿದರು. ಏಪ್ರಿಲ್ 8ರಂದು ಅವನೂ ಸಿಕ್ಕಿದ, ಅದೇ ಮನೆಯಲ್ಲಿ, ಅಣ್ಣ ಕೂತಿದ್ದ ಜಾಗದಿಂದ ಹತ್ತಡಿ ಆಚೆ. ಊಟ ಒಯ್ಯುವಾಗ ತಾನೇ ಹೂಡಿದ ಬಲೆ ತಗುಲಿ ರಾಶಿ ಅವನ ಮೇಲೆ ಕುಸಿದಿತ್ತು. ಊಟ ತರುವವನು ಬಾರದೆ ಕುರುಡ ಅಣ್ಣ ಹಸಿವಿನಿಂದ ಸತ್ತಿದ್ದ.

ಈ ಕಥೆ ಹೇಳುವವರೆಲ್ಲ ಪಟ್ಟಿಯನ್ನು ಓದುತ್ತಾರೆ: ಹದಿನಾಲ್ಕು ಪಿಯಾನೊ, ಫೋರ್ಡ್ ಕಾರಿನ ಚಾಸಿ, ಸಾವಿರಾರು ಪುಸ್ತಕ, ನೂರು ಟನ್ನಿಗೂ ಮಿಕ್ಕಿದ ಸಾಮಾನು. ಸಾಮಾನು ಹೊರಗೆ ಬರುವುದನ್ನು ನೋಡಲು ಬೀದಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದರಂತೆ. ಬದುಕಿದ್ದಾಗ ಕಿಟಕಿಗೆ ಕಲ್ಲು ಬೀಳುತ್ತಿತ್ತು. ನನಗೆ ಆ ಜನರ ಮೇಲೆ ಈಗಲೂ ಸಿಟ್ಟಿದೆ. ಪಿಯಾನೊ ಎಷ್ಟೆಂದು ಎಣಿಸಿದರು, ಪೇಪರು ಯಾರಿಗಾಗಿ ಎಂದು ಕೇಳಿದವರು ಕಡಿಮೆ.

ನನ್ನನ್ನು ಈ ಅಣ್ಣತಮ್ಮಂದಿರ ಬಳಿ ಕರೆದೊಯ್ದದ್ದು ನಮ್ಮ ದೊಡ್ಡಮ್ಮನ ಮನೆ. ದೊಡ್ಡಮ್ಮ ಶಾಲೆಯಲ್ಲಿ ಟೀಚರಾಗಿದ್ದವರು. ತೊಳೆದು ಒಣಗಿಸಿದ ಹಾಲಿನ ಕವರು, ಹಾರ್ಲಿಕ್ಸ್ ಬಾಟಲಿ, ಸೀರೆ ಅಂಗಡಿಯ ಕೈಚೀಲ, ಮದುವೆ ಕಾಗದ ಇವು ಮೊದಲು ಅಟ್ಟದಲ್ಲಿದ್ದವು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ರೇಷನ್ನಿನ ಕಾಲ ಕಂಡ ನಮ್ಮ ಹಿರಿಯರೆಲ್ಲ ಹಾಗೇ, ಎಸೆಯದಿರುವುದೇ ಸಂಸಾರವಂತಿಕೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವು ಅಟ್ಟದಿಂದ ಇಳಿದವು. ಹಜಾರ ತುಂಬಿತು, ಆಮೇಲೆ ಮಂಚ. ದೊಡ್ಡಮ್ಮ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡತೊಡಗಿದರು. ಬಚ್ಚಲ ನೀರು ಕಟ್ಟಿಕೊಂಡರೂ ರಿಪೇರಿಯವನನ್ನು ಒಳಗೆ ಬಿಡಲಿಲ್ಲ. ಇಲಿ, ಮುಗ್ಗಲು, ಕೊಳೆತ ಅನ್ನದ ವಾಸನೆ. ಹಬ್ಬಕ್ಕೆ ಬರುತ್ತೇವೆಂದರೆ ಗೇಟಿನಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದರು. ಏನು ಕೇಳಿದರೂ ಒಂದೇ ಉತ್ತರ: "ಇರ್ಲಿ ಬಿಡು, ಯಾವುದಕ್ಕಾದ್ರೂ ಆಗುತ್ತೆ."

ನೆಂಟರು ಇದಕ್ಕೆ ಸೋಮಾರಿತನ ಎಂದರು, ದುರಾಸೆ ಎಂದರು, ಗ್ರಹಚಾರ ಎಂದವರೂ ಇದ್ದಾರೆ. ಕಾಯಿಲೆ ಎಂದು ಯಾರೂ ಅನ್ನಲಿಲ್ಲ. ವೈದ್ಯಲೋಕಕ್ಕೂ ಅದು ತಡವಾಗಿಯೇ ಹೊಳೆಯಿತು. ಬಹುಕಾಲ ಇದನ್ನು ಗೀಳುರೋಗದ ಒಂದು ಬಗೆಯೆಂದು ಎಣಿಸುತ್ತಿದ್ದರು. ಹೋರ್ಡಿಂಗ್ ಡಿಸಾರ್ಡರ್ ಎಂದು ಪ್ರತ್ಯೇಕ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ ಇದೆ. ಬೆಲೆ ಇರಲಿ ಬಿಡಲಿ ವಸ್ತುವನ್ನು ಬಿಡಲಾಗದಿರುವುದು, ಬಿಡಬೇಕೆಂದರೆ ಸಂಕಟವಾಗುವುದು, ಮಲಗುವ ಉಣ್ಣುವ ಜಾಗ ಅದಕ್ಕೇ ಹೋಗಿಬಿಡುವುದು, ಇವು ಲಕ್ಷಣ. ಬೀಜ ಹೆಚ್ಚಾಗಿ ಹರೆಯದಲ್ಲೇ ಬಿದ್ದಿರುತ್ತದೆ, ವಯಸ್ಸಾದಂತೆ ಬಲಿಯುತ್ತದೆ. ಕೊಳಕಿನಲ್ಲಿ ಬದುಕುವುದು ಎಲ್ಲ ಸಲವೂ ಇದರಿಂದಲೇ ಬರುವುದಿಲ್ಲ. ಖಿನ್ನತೆ, ಮರೆವಿನ ರೋಗ, ಮಿದುಳಿನ ಮುಂಭಾಗದ ಸವಕಳಿ ಕೂಡ ಮನೆಯನ್ನು ಆ ಸ್ಥಿತಿಗೆ ತರುತ್ತವೆ. 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ ವೈದ್ಯರು ಇಂಥ ಮನೆಗಳಿಂದ ಆಸ್ಪತ್ರೆ ಸೇರಿದ 30 ವೃದ್ಧರ ಬಗ್ಗೆ ಬರೆದರು. ಅವರಲ್ಲಿ ಹಲವರು ಒಳ್ಳೆಯ ಕೆಲಸದಲ್ಲಿದ್ದು ಬಾಳಿದವರು, ಬುದ್ಧಿವಂತರು. ನಮ್ಮ ದೊಡ್ಡಮ್ಮನನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

2012ರಲ್ಲಿ ಡೇವಿಡ್ ಟೋಲಿನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಸಂಗ್ರಹದ ಕಾಯಿಲೆಯವರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರ ಮನೆಯದೇ ಹಳೇ ಕಾಗದಗಳನ್ನು ಒಂದೊಂದಾಗಿ ತೋರಿಸಿ, ಇಡುವುದೋ ಹರಿಯುವುದೋ ಎಂದು ಕೇಳಿದರು. ಬೇರೆಯವರ ಕಾಗದವಾದರೆ ಮಿದುಳಿನ ಆಂಟೀರಿಯರ್ ಸಿಂಗ್ಯುಲೇಟ್, ಇನ್ಸುಲಾ ಭಾಗಗಳು ಆರೋಗ್ಯವಂತರಿಗಿಂತ ತಣ್ಣಗೆ. ತಮ್ಮದಾದರೆ ಅವೇ ಭಾಗಗಳು ವಿಪರೀತ ಚುರುಕು. ಯಾವುದು ಮುಖ್ಯ, ಯಾವುದರಿಂದ ಅಪಾಯ ಎಂದು ತೂಗುವ ಭಾಗಗಳಿವು. ಹಳೇ ಲೈಟ್ ಬಿಲ್ಲೊಂದು ಅವರಿಗೆ ಅಷ್ಟು ಭಾರವಾಗುತ್ತದೆ. ಓದಿದಾಗ ದೊಡ್ಡಮ್ಮ ನಮ್ಮ ಮನೆಗೆ ಬಂದಾಗಿನ ಮಾತು ನೆನಪಾಯಿತು: "ಇಷ್ಟೊಂದು ಯಾಕೆ ತುಂಬ್ಕೊಂಡಿದ್ದೀಯ, ಎಸಿ." ನನ್ನ ಕಪಾಟು ಅವರಿಗೆ ನೋವು ಕೊಡುತ್ತಿರಲಿಲ್ಲ.

ದೊಡ್ಡಮ್ಮನ ಮಕ್ಕಳು ಮಾಡಿದ್ದು ಎಲ್ಲ ಮಕ್ಕಳೂ ಮಾಡುವ ಕೆಲಸ. ತಾಯಿಯನ್ನು ಮದುವೆಗೆ ಕಳಿಸಿ, ಆಳು ಹಿಡಿದು, ಟ್ರ್ಯಾಕ್ಟರಿನಲ್ಲಿ ಎಲ್ಲವನ್ನೂ ಸಾಗಿಸಿ, ಸುಣ್ಣ ಬಳಿಸಿದರು. ಅಮ್ಮನಿಗೆ ಸಂತೋಷವಾಗುತ್ತದೆಂದು ನಿಜವಾಗಿ ನಂಬಿದ್ದರು. ದೊಡ್ಡಮ್ಮ ವಾಪಸು ಬಂದು ಬರಿದಾದ ಹಜಾರದಲ್ಲಿ ನಿಂತು, ದೊಡ್ಡಪ್ಪನ ಔಷಧಿ ಚೀಟಿಗಳ ಡಬ್ಬ ಎಲ್ಲಿ ಎಂದು ಮಾತ್ರ ಕೇಳಿದರು. ಅದು ಹೋಗಿತ್ತು. ಊಟ ಬಿಟ್ಟರು. ಮನೆ ಮೊದಲಿಗಿಂತ ಬೇಗ ತುಂಬಿತು, ಈ ಸಲ ಬಾಗಿಲಿಗೆ ಎರಡು ಬೀಗ. ಬಲವಂತದ ಸ್ವಚ್ಛತೆ ನಿಲ್ಲುವುದಿಲ್ಲ, ನಂಬಿಕೆಯನ್ನು ಮಾತ್ರ ಮುರಿಯುತ್ತದೆ ಎಂದು ಈ ಕ್ಷೇತ್ರದಲ್ಲಿ ದುಡಿದ ರ‍್ಯಾಂಡಿ ಫ್ರಾಸ್ಟ್, ಗೇಲ್ ಸ್ಟೆಕೆಟಿ ಮೊದಲಾದವರು ಹೇಳುತ್ತಲೇ ಬಂದಿದ್ದಾರೆ. ವಸ್ತು ಹೋದರೂ, ತೀರ್ಮಾನ ಮಾಡಲಾಗದ ಕಷ್ಟ ಅಲ್ಲೇ ಇರುತ್ತದೆ. ಅವರು ರೂಪಿಸಿದ ಚಿಕಿತ್ಸೆಯಲ್ಲಿ ತೀರ್ಮಾನವನ್ನೇ ಅಭ್ಯಾಸ ಮಾಡಿಸುತ್ತಾರೆ. ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಬಗ್ಗೆ ಮಾತಾಡಿ, ಬಿಡುವಾಗಿನ ಸಂಕಟ ತಾನಾಗಿ ಇಳಿಯುವುದನ್ನು ಕಾಯುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಂಥ ಚಿಕಿತ್ಸೆಗೆಂದು ದೊಡ್ಡಮ್ಮನನ್ನು ಬೆಂಗಳೂರಿಗೆ ಕರೆತರಲು ಆಗಲಿಲ್ಲ. 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನು ಮಾಡಿದಾಗ ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಆಮೇಲೆ ಜಿಲ್ಲಾಸ್ಪತ್ರೆಯ ಮನೋವೈದ್ಯರು ಸಿಕ್ಕರು. ನಾನು ಈಗ ಹೋದಾಗ ಒಂದು ಮೊರದಷ್ಟು ಸಾಮಾನು ಮಾತ್ರ ತೆಗೆಯುತ್ತೇವೆ. ಇದು ಯಾಕೆ ಅನ್ನುವುದಿಲ್ಲ, ಯಾರಿಗಾಗಿ ಇಟ್ಟಿದ್ದು ಅನ್ನುತ್ತೇನೆ. ಆಗ ಮಾತು ಬರುತ್ತದೆ. ಹಾಲಿನ ಕವರು ಶಾಲೆಯ ಸಸಿಗಳಿಗೆ, ಒಂದು ಮಗ್ಗುಲು ಖಾಲಿಯಿದ್ದ ಕಾಗದ ಲೆಕ್ಕ ಮಾಡುವ ಮಕ್ಕಳಿಗೆ. ಶಾಲೆ ಬಿಟ್ಟು ವರ್ಷಗಳಾದವು, ಆ ಮಕ್ಕಳಿಗೇ ಮಕ್ಕಳಾಗಿವೆ. ಅದನ್ನು ನಾನು ಹೇಳಬೇಕಾಗಿಲ್ಲ, ಅವರಿಗೇ ಗೊತ್ತು. ಹೇಳುತ್ತ ಹೇಳುತ್ತ ಕೆಲವನ್ನು ತಾವೇ ಆಚೆ ಇಡುತ್ತಾರೆ, ಕೆಲವನ್ನು ವಾಪಸು ತೆಗೆದುಕೊಳ್ಳುತ್ತಾರೆ.

ಮಂಚದ ಅರ್ಧ ತೆರವಾಗಿದೆ. ಮುಂದಿನದು ಅಡುಗೆಮನೆ, ಸ್ಟವ್ ಪಕ್ಕದ ಪೇಪರು ಕಟ್ಟುಗಳು. ಬೆಂಕಿಯ ಭಯ ಅವರಿಗೂ ಇದೆ, ಅದನ್ನು ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಆ ಕಟ್ಟುಗಳನ್ನು ಹಜಾರಕ್ಕೆ ಸಾಗಿಸಲು ಒಪ್ಪಿದ್ದಾರೆ, ಮಾರಲು ಇನ್ನೂ ಇಲ್ಲ. ಬರುವಾಗ ಒಳ್ಳೆಯ ಹುರಿ ತೆಗೆದುಕೊಂಡು ಬಾ ಎಂದಿದ್ದಾರೆ.