ಅವ್ವನಿಗೊಂದು ರಿಸೀವರ್

ನಮ್ಮ ಕಡೆ ಎತ್ತು ಕೊಳ್ಳಬೇಕಾದರೆ ಒಬ್ಬರೇ ಸಂತೆಗೆ ಹೋಗುವುದಿಲ್ಲ. ಹಲ್ಲು ನೋಡುವವನೊಬ್ಬ, ಸುಳಿ ನೋಡುವವನೊಬ್ಬ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವನು ಇನ್ನೊಬ್ಬ. 2022ರಲ್ಲಿ ನಾನು ಹೋಂ ಥಿಯೇಟರಿನ ರಿಸೀವರ್ ಕೊಳ್ಳಲು ಹೊರಟಾಗಲೂ ಇದೇ ಪದ್ಧತಿಯನ್ನು ಅನುಸರಿಸಿದೆ. ಆದರೆ ಆ ಕರಿ ಡಬ್ಬಿಗೆ ಹಲ್ಲೂ ಇರಲಿಲ್ಲ, ಸುಳಿಯೂ ಇರಲಿಲ್ಲ. ಹಿಂಬದಿಯಲ್ಲಿ ತೂತುಗಳಿದ್ದವು, ಅಷ್ಟೆ.

ತೊಡಕು ಹೆಸರಿನಿಂದಲೇ ಶುರುವಾಯಿತು. ಸಿಂದಗಿಯ ನಮ್ಮ ಓಣಿಯಲ್ಲಿ ರಿಸೀವರ್ ಎಂದರೆ ಹಳೆಯ ಫೋನಿನ, ಕಿವಿಗೆ ಹಿಡಿಯುವ ತುಂಡು. ‘ಅದೊಂದು ತುಂಡಿಗೆ ಅಷ್ಟು ರೊಕ್ಕ ಯಾಕ್ರಿ ಮಾಸ್ತರ್ರ?’ ಎಂದು ಪಕ್ಕದ ಮನೆಯವರು ಮರುಗಿದರು. ಅದು ರೇಡಿಯೋ ಕೂಡ ಹಿಡಿಯುತ್ತದೆ, ಅದಕ್ಕೇ ಆ ಹೆಸರು. ಅದರ ಹೊಟ್ಟೆಯಲ್ಲಿ ರೇಡಿಯೋ, ಆಂಪ್ಲಿಫೈಯರ್, ಸಿನಿಮಾದ ಸದ್ದನ್ನು ಬಿಡಿಸಿ ಐದು ಪೆಟ್ಟಿಗೆಗಳಿಗೆ ಹಂಚುವ ಯಂತ್ರ, ಮೂರೂ ಇರುತ್ತವೆ ಎಂದು ನಾನು ಪಾಠ ಮಾಡಿದೆ. ಮೂವತ್ತೆರಡು ವರ್ಷ ಪಾಠ ಮಾಡಿದವನಿಗೆ, ಕೇಳುವವರಿಗೆ ತಿಳಿಯಲಿಲ್ಲವೆಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ನಿಜವಾದ ಕಾರಣ ನಮ್ಮ ಅವ್ವ. ಆಗ ಅವಳಿಗೆ ಎಂಬತ್ನಾಲ್ಕು ದಾಟಿತ್ತು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದವು. ಟಿ.ವಿ. ಎನ್ನುವುದು ಅವಳ ಪಾಲಿಗೆ ಬರೀ ಮಾತಾಡುವ ಗೋಡೆ. ಹಳೆಯ ದಪ್ಪ ಟಿ.ವಿ. ಇರುವವರೆಗೆ ಹೇಗೋ ನಡೆದಿತ್ತು. ಮಗ ಪುಣೆಯಿಂದ ಅಂಗೈ ದಪ್ಪದ ಹೊಸ ಟಿ.ವಿ. ಕಳಿಸಿದ ಮೇಲೆ ತಕರಾರು ಶುರುವಾಯಿತು. ‘ದನಿ ಕೇಳಸ್ತದ ತಮ್ಮಾ, ಮಾತು ತಿಳಿವಲ್ದು.’ ನಾನು ದನಿ ಏರಿಸಿದೆ. ಓಣಿಯ ತುದಿಯವರಿಗೆ ಧಾರಾವಾಹಿಯ ಅತ್ತೆಯ ಬೈಗುಳ ಸ್ಪಷ್ಟವಾಗಿ ಮುಟ್ಟಿತು, ಅವ್ವನಿಗೆ ಮುಟ್ಟಲಿಲ್ಲ.

ಇದರ ಗುಟ್ಟು ನನಗೆ ಆಮೇಲೆ ತಿಳಿಯಿತು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಚೂಪು ಇರುವುದೇ ಅಲ್ಲಿ. ಅವು ಹೋದರೆ ಸ್ವರಗಳ ಗದ್ದಲ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಜೊತೆಗೆ ತೆಳು ಟಿ.ವಿ.ಯ ಸ್ಪೀಕರುಗಳು ಚಿಕ್ಕವು; ಹಲವು ಟಿ.ವಿ.ಗಳಲ್ಲಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಬೆನ್ನು ತಿರುಗಿಸಿ ಮಾತಾಡುವವನ ಮಾತು ಯಾರಿಗೆ ತಿಳಿದೀತು?

ಮೊದಲು ಇಂಡಿಗೆ ಹೋದೆ. ಅಲ್ಲಿ ನಮ್ಮ ಮೈದುನ ಲಿಂಬಿ ತೋಟ ಮಾಡಿಕೊಂಡಿದ್ದಾನೆ. ಅವನ ಮನೆಯಲ್ಲಿ ಹೋಂ ಥಿಯೇಟರ್ ಇತ್ತು. ಊಟವಾದ ಮೇಲೆ ಒಂದು ಹೊಡೆದಾಟದ ಸಿನಿಮಾ ಹಾಕಿದ. ಮೂಲೆಯ ದೊಡ್ಡ ಪೆಟ್ಟಿಗೆ ಗುಡುಗಿದ್ದೇ ಮಾಡದ ತಾಟುಗಳೆಲ್ಲ ಥರಗುಟ್ಟಿದವು. ‘ಎದಿ ನಡಗಬೇಕ್ರಿ ಮಾವಾರ, ಅಂದ್ರ ಅದು ಥೇಟರ್!’ ಎಂದ. ಅವನ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಬಂಗಾರದ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಸಣ್ಣದಾಗಿ ‘ಪಿಎಂಪಿಒ’ ಎಂದು. ನನ್ನ ಎದೆಯೇನೋ ನಡುಗಿತು. ನಾಯಕ ಏನೆಂದನೆಂಬುದು ಮಾತ್ರ ನನಗೂ ತಿಳಿಯಲಿಲ್ಲ.

ಎರಡನೆಯ ಪ್ರಯಾಣ ತಾಳಿಕೋಟೆಯ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ. ಅಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರು ಇಡೀ ಆಯುಷ್ಯ ರೇಡಿಯೋ ರಿಪೇರಿ ಮಾಡಿದವರು. ಜನ ಧಾರವಾಡ ಕೇಂದ್ರವನ್ನು ಕೇಳಲೆಂದು ರೇಡಿಯೋ ಇಟ್ಟುಕೊಂಡು, ಅದಕ್ಕೆ ಪೋಸ್ಟಾಫೀಸಿನಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲದಿಂದ ಅವರ ಕೈಯಲ್ಲಿ ಕಾವಿನ ಕಬ್ಬಿಣ. ಅವರಲ್ಲಿಗೆ ಹೋಗಲು ಇನ್ನೊಂದು ನೆವವೂ ಇತ್ತು. ನಮ್ಮ ಟೂ-ಇನ್-ಒನ್ ಕೆಟ್ಟು ಹತ್ತು ವರ್ಷವಾಗಿತ್ತು. 1994ರಲ್ಲಿ ತೀರಿಕೊಂಡ ನಮ್ಮ ಅಪ್ಪ ಅಮಾವಾಸ್ಯೆಯ ಭಜನೆಯಲ್ಲಿ ತತ್ವಪದ ಹಾಡಿದ್ದನ್ನು ಅದರಲ್ಲೇ ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದೆ. ಕ್ಯಾಸೆಟ್ಟು ಇತ್ತು, ನುಡಿಸುವ ಯಂತ್ರ ಮೂಗಾಗಿತ್ತು.

ಸ್ನೇಹಿತರು ಅದರ ಬೆಲ್ಟು ಬದಲಿಸಿದರು. ಹೆಡ್ಡನ್ನು ಹತ್ತಿಯಿಂದ ಒರೆಸಿದರು. ಒರೆಸುತ್ತಲೇ ವ್ಯಾಟಿನ ಪಾಠ ಹೇಳಿದರು. ‘ಪಿಎಂಪಿಒ ಅನ್ನೂದು ಜಾತ್ರ್ಯಾಗಿನ ಬೆಲಿ. ಆರ್‌ಎಂಎಸ್ ಎಷ್ಟೈತಿ ಕೇಳು. ಅದನ್ನೂ ಒಂದs ಸ್ಪೀಕರ್ ಹಚ್ಚಿ ಅಳದಾರೋ, ಎರಡು ಕೂಡಿ ಹಚ್ಚಿ ಅಳದಾರೋ ಕೇಳು. 50 ವ್ಯಾಟಿನದನ್ನ 100 ಮಾಡಿದ್ರ ಏರೂದು 3 ಡೆಸಿಬೆಲ್, ಅಷ್ಟs. ಕಿವಿಗೆ ಎರಡು ಪಟ್ಟು ಅನ್ನಿಸಬೇಕಂದ್ರ ವ್ಯಾಟು ಹತ್ತು ಪಟ್ಟು ಬೇಕು. ನಿಮ್ಮ ಅವ್ವಗ ವ್ಯಾಟು ಬ್ಯಾಡೋ ಮಾರಾಯಾ, ನಡುವಿನ ಪೆಟಗಿ ಬೇಕು.’

ನಡುವಿನ ಪೆಟ್ಟಿಗೆ ಎಂದರೆ ಸೆಂಟರ್ ಸ್ಪೀಕರ್. 5.1 ಎಂಬ ಲೆಕ್ಕದಲ್ಲಿ ಎಡಬಲಕ್ಕೆ ಎರಡು, ಹಿಂದೆ ಎರಡು, ನಡುವೆ ಒಂದು, ಗುಡುಗಿಗೆ ಬೇರೊಂದು. ಸಿನಿಮಾದವರು ಮಾತನ್ನು ಹೆಚ್ಚಾಗಿ ಇಡುವುದು ಆ ನಡುವಿನದರಲ್ಲಿ. 1992ರಲ್ಲಿ ಅಮೆರಿಕದ ಸಿನಿಮಾಮಂದಿರಗಳಿಗೆ ಡಾಲ್ಬಿ ಡಿಜಿಟಲ್ ಬಂದಾಗಿನ ಹಂಚಿಕೆಯೂ ಇದೇ. ರಿಸೀವರ್ ಇದ್ದರೆ ಸಂಗೀತ, ಗುಡುಗು ಇದ್ದಷ್ಟೇ ಇರಲು ಬಿಟ್ಟು ಈ ಒಂದನ್ನೇ ಏರಿಸಬಹುದು. ಕೊನೆಗೆ ಅವರು ಟೂ-ಇನ್-ಒನ್‌ನ ಹೆಡ್‌ಫೋನ್ ತೂತಿಗೆ ಒಂದು ತಂತಿ ಸಿಕ್ಕಿಸಿ, ಅದರ ಕೆಂಪು, ಬಿಳಿ ತುದಿ ತೋರಿಸಿ, ‘ಇವೆರಡಕ್ಕ ತೂತು ಇರೂ ಡಬ್ಬಿನ ತಗೋ’ ಎಂದರು. ಕೂಲಿ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ವಿಜಯಪುರಕ್ಕೆ ಹೊರಟವನು ಬಸವನ ಬಾಗೇವಾಡಿಯಲ್ಲಿ ಇಳಿದೆ. ಬಸವಣ್ಣನವರು ಹುಟ್ಟಿದ ಊರು. ದೇವರಿಗೆ ಕೈಮುಗಿದು ಮುಂದಿನ ಬಸ್ಸಿಗೆ ಕಾಯುತ್ತ ಕೂತೆ. ಎಲ್ಲಿಯೋ ದೂರದಲ್ಲಿ ಭೋಂಗಾ ಕಟ್ಟಿದ್ದರು. ಹಳೆಯ ತಗಡಿನ ಭೋಂಗಾ. ಗುಡುಗುವ ಶಕ್ತಿ ಅದಕ್ಕಿಲ್ಲ, ಹಾಡಿದರೆ ಮೂಗಿನಿಂದ ಹಾಡಿದಂತೆ. ಆದರೂ ಯಾರ ಮದುವೆ, ಎಷ್ಟು ಗಂಟೆಗೆ ಅಕ್ಕಿಕಾಳು ಎಂಬುದೆಲ್ಲ ನನಗೆ ತಿಳಿಯಿತು. ಮನುಷ್ಯನ ಮಾತು ಬದುಕುವುದು ಬಹಳ ಕೆಳಗೂ ಅಲ್ಲದ, ಬಹಳ ಮೇಲೂ ಅಲ್ಲದ ನಡುವಿನ ಸ್ವರಗಳಲ್ಲಿ. ಭೋಂಗಾ ಆ ನಡುವನ್ನೇ ಗಟ್ಟಿಯಾಗಿ ಹಿಡಿದು ಎಸೆಯುತ್ತದೆ. ಇಂಡಿಯ ಸಾವಿರ ವ್ಯಾಟಿಗಿಂತ ಈ ತಗಡು ಅವ್ವನಿಗೆ ಹತ್ತಿರ ಎನಿಸಿತು. ಮಾತಿಗೆ ಅಷ್ಟೊಂದು ಬೆಲೆ ಕೊಟ್ಟವರ ಊರಿನಲ್ಲಿ ಈ ಬುದ್ಧಿ ಬಂದದ್ದು ಒಳ್ಳೆಯದೇ ಆಯಿತು.

ವಿಜಯಪುರದ ಅಂಗಡಿಯಲ್ಲಿ ಹುಡುಗ ಮೊದಲು ಸೌಂಡ್‌ಬಾರ್ ತೋರಿಸಿದ. ಒಂದೇ ಕೋಲು, ತಂತಿಯ ಕಾಟವಿಲ್ಲ, ಬೆಲೆಯೂ ಕಡಿಮೆ. ತಂತಿ ಎಳೆದಾಡಲು ಮನಸ್ಸಿಲ್ಲದವರಿಗೆ ಅದೇ ಸರಿ. ಆದರೆ ಅವನು ತೋರಿಸಿದ್ದರಲ್ಲಿ ಕೆಂಪು-ಬಿಳಿ ತೂತುಗಳಿರಲಿಲ್ಲ. ‘ಈಗ ಅವೆಲ್ಲಾ ಯಾರು ಕೇಳ್ತಾರ್ರಿ ಸರ್?’ ಎಂದ. ನಾನು ಕೇಳುತ್ತಿದ್ದೆ. ಆಮೇಲೆ ರಿಸೀವರುಗಳ ಸಾಲಿಗೆ ಕರೆದೊಯ್ದು, ಒಂದು ಯುದ್ಧದ ದೃಶ್ಯ ಹಾಕಲು ಹೋದ. ‘ಅದು ಬ್ಯಾಡಪಾ, ಚಂದನ ವಾಹಿನಿಯ ವಾರ್ತೆ ಹಾಕು’ ಎಂದೆ. ಅವನ ಜೀವಮಾನದಲ್ಲಿ ಹೋಂ ಥಿಯೇಟರನ್ನು ವಾರ್ತೆಯಿಂದ ಪರೀಕ್ಷಿಸಿದ ಗಿರಾಕಿ ನಾನೊಬ್ಬನೇ ಇರಬೇಕು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಅವ್ವ ಕೇಳುವುದು ಹಾಗೆಯೇ ತಾನೆ?

ಅಮೆರಿಕದಲ್ಲಿರುವ ತಂಗಿಯ ಮಗ ಅಲ್ಲಿಂದಲೇ ತರುತ್ತೇನೆಂದಿದ್ದ. ಅಲ್ಲಿಯದು 120 ವೋಲ್ಟಿಗೆ ಮಾಡಿದ್ದು, ನಮ್ಮದು 230. ನೇರ ಚುಚ್ಚಿದರೆ ಆ ದಿನವೇ ಅದರ ತಿಥಿ. ಇಲ್ಲಿಯದನ್ನೇ ಕೊಂಡೆ. ಡಬ್ಬಿಗೆ ಸುಮಾರು 35 ಸಾವಿರ, ಪೆಟ್ಟಿಗೆಗಳಿಗೆ ಬೇರೆ. ಸ್ಪೀಕರಿನ ಬೆನ್ನ ಮೇಲಿನ ಓಮ್ ಸಂಖ್ಯೆ ರಿಸೀವರಿಗೆ ಒಪ್ಪುತ್ತದೆಯೇ ಎಂದು ನೋಡಿಕೊಂಡೆ. ನಮ್ಮ ಕರೆಂಟಿನ ಸ್ವಭಾವ ಬಲ್ಲವನಾದ್ದರಿಂದ ಒಂದು ಸ್ಟೆಬಿಲೈಜರನ್ನೂ ಸೇರಿಸಿದೆ.

ಮನೆಗೆ ತಂದು ಜೋಡಿಸಿದರೆ ಒಂದು ದಿನ ಉಸಿರೇ ಇಲ್ಲ. ಟಿ.ವಿ.ಯ ಹಿಂದಿನ ಮೂರು ಎಚ್‌ಡಿಎಂಐ ತೂತುಗಳಲ್ಲಿ ‘ಎಆರ್‌ಸಿ’ ಎಂದು ಬರೆದದ್ದರಿಂದ ಮಾತ್ರ ಸದ್ದು ಹೊರಗೆ ಬರುತ್ತದಂತೆ; ನಾನು ಪಕ್ಕದ್ದಕ್ಕೆ ಸಿಕ್ಕಿಸಿದ್ದೆ. ಅದು ಸರಿಹೋದ ಮೇಲೆ ಕೋಣೆಯ ಸರದಿ. ಆರ್‌ಸಿಸಿ ಛತ್ತು, ಬರಿಗೋಡೆ, ನೆಲಕ್ಕೆ ಶಹಾಬಾದಿ ಪರಸಿ. ಚಪ್ಪಾಳೆ ಹೊಡೆದರೆ ಗೋಡೆ ತಿರುಗಿ ಹೊಡೆಯುತ್ತಿತ್ತು. ನನಗೆ ಗೋಳಗುಮ್ಮಟ ನೆನಪಾಯಿತು. 1656ರಲ್ಲಿ ಮುಗಿದ ಆ ಕಟ್ಟಡಕ್ಕೆ ಎಷ್ಟೋ ಸಲ ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೇನೆ. ಅಲ್ಲಿ ಒಬ್ಬನು ಪಿಸುಗುಟ್ಟಿದರೆ ಆಚೆ ಬದಿಯವನಿಗೆ ಸ್ಪಷ್ಟ. ಐವತ್ತು ಹುಡುಗರು ಕೂಗಿದರೆ ಒಂದು ಅಕ್ಷರವೂ ತಿಳಿಯದು. ಹೆಂಡತಿಯನ್ನು ಒಪ್ಪಿಸಿ ಹಿಂದಿನ ಗೋಡೆಗೆ ಅವ್ವನೇ ಹೊಲಿದ ಎರಡು ಕೌದಿ ತೂಗುಹಾಕಿದೆ, ನೆಲಕ್ಕೆ ಜಮಖಾನ ಹಾಸಿದೆ. ರಿಸೀವರಿನ ಬೆಲೆ ಎಷ್ಟೇ ಇರಲಿ, ಆ ದಿನ ಹೆಚ್ಚು ಕೆಲಸ ಮಾಡಿದವು ಕೌದಿಗಳೇ.

ಡಬ್ಬಿಯ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ಕೇಳುವವರ ಕಿವಿಯ ಎತ್ತರಕ್ಕೆ ಅದನ್ನು ಇಟ್ಟರೆ, ಯಂತ್ರ ಒಂದೊಂದೇ ಪೆಟ್ಟಿಗೆಯಿಂದ ಸದ್ದು ಹೊರಡಿಸಿ, ದೂರ ಅಳೆದು, ತಾನೇ ಹೊಂದಿಸಿಕೊಳ್ಳುತ್ತದೆ. ಮೈಕನ್ನು ಅವ್ವನ ಹೊರಸಿನ ಮೇಲೆ ಇಟ್ಟೆ, ಎಲ್ಲರನ್ನೂ ಸುಮ್ಮನಿರಿಸಿದೆ. ಅಷ್ಟರಲ್ಲಿ ಓಣಿಯ ಹಿಟ್ಟಿನ ಗಿರಣಿ ಶುರುವಾಯಿತು. ಮಧ್ಯಾಹ್ನ ಕರೆಂಟು ಬಂದಾಗ ಗಿರಣಿ, ಹೋದಾಗ ರಿಸೀವರೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಆ ಅಳತೆ ಮುಗಿಯಿತು. ಆಮೇಲೆ ನಡುವಿನ ಪೆಟ್ಟಿಗೆಯನ್ನು ನಾಲ್ಕು ಡೆಸಿಬೆಲ್ ಏರಿಸಿ, ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಮಾತನ್ನು ಎತ್ತಿ ಕೊಡುವ ರಾತ್ರಿಯ ಗುಂಡಿಯನ್ನೂ ಒತ್ತಿಟ್ಟೆ.

ಮರುದಿನ ಅವ್ವನಿಗೆ 1954ರ ‘ಬೇಡರ ಕಣ್ಣಪ್ಪ’ ಹಾಕಿದೆ. ಆ ಕಾಲದ ಸಿನಿಮಾದ ಸದ್ದು ಒಂದೇ ಎಳೆಯದು. ರಿಸೀವರ್ ಅದನ್ನು ಪೂರ್ತಿಯಾಗಿ ನಡುವಿನ ಪೆಟ್ಟಿಗೆಗೆ ಕೊಟ್ಟಿತು. ‘ಉಳಿದ ನಾಕು ಪೆಟಗಿ ಸುಮ್ನ ಕುಂತಾವಲ್ರೀ?’ ಎಂದು ಹೆಂಡತಿ ಲೆಕ್ಕ ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಅವ್ವ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದಳು. ಮಾತು ತಿಳಿಯುತ್ತಿತ್ತು.

ಸಂಜೆ ಟೂ-ಇನ್-ಒನ್ ಜೋಡಿಸಿ ಕ್ಯಾಸೆಟ್ಟು ಹಾಕಿದೆ. ಅವ್ವನಿಗೆ ಹೇಳಿರಲಿಲ್ಲ. ಮೊದಲು ಸುರ್ ಎಂಬ ಸದ್ದು, ಆಮೇಲೆ ತಾಳ, ಯಾರೋ ಕೆಮ್ಮಿದ್ದು, ಆಮೇಲೆ ಅಪ್ಪ. ಇಪ್ಪತ್ತೆಂಟು ವರ್ಷಗಳ ಮೇಲೆ ಆ ದನಿ ಕೋಣೆ ತುಂಬಿ ನಿಂತಿತು. ನಾನು ಇನ್ನಷ್ಟು ಏರಿಸಿದೆ. ಇಷ್ಟು ಊರು ತಿರುಗಿದ್ದು ಸಾರ್ಥಕವಾಯಿತೆಂದು ಅವ್ವನ ಮುಖ ನೋಡಿದೆ.

ಅವ್ವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ‘ತಮ್ಮಾ, ಸಣ್ಣ ಮಾಡು. ನಿಮ್ಮಪ್ಪನ ದನಿ ಇಷ್ಟು ದೊಡ್ಡದಿದ್ದಿಲ್ಲ’ ಎಂದಳು.

ನಾನು ಗುಂಡಿ ತಿರುಗಿಸುತ್ತ ಹೋದೆ. ಅವಳು ಸಾಕು ಎಂದಲ್ಲಿ ನಿಲ್ಲಿಸಿದೆ. ನಡುಮನೆಯಲ್ಲಿ ಕೂತು ಒಬ್ಬ ಮನುಷ್ಯ ತನ್ನಷ್ಟಕ್ಕೆ ಹಾಡಿಕೊಂಡರೆ ಎಷ್ಟು ಕೇಳಿಸಬೇಕೋ ಅಷ್ಟೇ ಕೇಳಿಸುತ್ತಿತ್ತು.